ಆಂಬುಲೆನ್ಸ್ ಹತ್ತುವ ವಯಸ್ಸು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಡೇರಿಯನ್ ಎಂಬ ಊರಿದೆ. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು, ಹೆಚ್ಚಿನವರು ಸ್ಥಿತಿವಂತರು. ಅಲ್ಲಿ ಯಾರಿಗಾದರೂ ಎದೆನೋವು ಬಂದು 911ಕ್ಕೆ ಕರೆ ಹೋದರೆ, ಬಾಗಿಲಿಗೆ ಬಂದ ಆಂಬುಲೆನ್ಸ್‌ನಿಂದ ಇಳಿಯುವವರು ಹೈಸ್ಕೂಲು ಹುಡುಗ ಹುಡುಗಿಯರು. ‘ಪೋಸ್ಟ್ 53’ ಎಂಬ ಈ ಸೇವೆ 1970ರಿಂದ ನಡೆದುಬಂದಿದೆ. ಹಿರಿಯರೊಬ್ಬರು ಜೊತೆಗೆ ಇದ್ದೇ ಇರುತ್ತಾರೆ. ಆದರೆ ರಕ್ತದೊತ್ತಡ ನೋಡುವುದು, ಆಮ್ಲಜನಕದ ಮಾಸ್ಕ್ ಹಾಕುವುದು, ರೋಗಿಯನ್ನು ಸ್ಟ್ರೆಚರ್‌ಗೆ ಹತ್ತಿಸುವುದು ಇವೆಲ್ಲ ವಿದ್ಯಾರ್ಥಿಗಳ ಕೆಲಸ. ಆ ರಾಜ್ಯದಲ್ಲಿ 16 ತುಂಬಿದವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರಾಗಬಹುದು.

ಮೀಸೆ ಚಿಗುರದ ಹುಡುಗರ ಕೈಗೆ ಜೀವ ಒಪ್ಪಿಸುವುದೇ ಎಂದು ನಮ್ಮವರು ಹುಬ್ಬೇರಿಸಿದರೆ ತಪ್ಪಲ್ಲ. ಅಮೆರಿಕದಲ್ಲೂ ಈ ವಿಷಯದಲ್ಲಿ ಒಮ್ಮತವಿಲ್ಲ. ನ್ಯೂಯಾರ್ಕ್ ರಾಜ್ಯ 17 ಎನ್ನುತ್ತದೆ, ಕ್ಯಾಲಿಫೋರ್ನಿಯಾ 18 ಎನ್ನುತ್ತದೆ. ಹೆಚ್ಚಿನ ರಾಜ್ಯಗಳು 18ಕ್ಕೇ ನಿಂತಿವೆ. ಆದರೆ ಡೇರಿಯನ್ನಿನ ಹುಡುಗಿಗೆ ಸಿಗುವ ರಿಯಾಯಿತಿ ವಯಸ್ಸಿನದು ಮಾತ್ರ. ಪಾಠದಲ್ಲಿ ಅವಳಿಗೆ ಒಂದು ಗಂಟೆಯೂ ಕಡಿತವಿಲ್ಲ. ನಲವತ್ತು ದಾಟಿದವರು ಬರೆಯುವ ಪರೀಕ್ಷೆಯನ್ನೇ ಅವಳೂ ಬರೆಯಬೇಕು.

ಆ ಪಾಠ ಎಷ್ಟು ಹೊತ್ತಿನದು? ಕ್ಯಾಲಿಫೋರ್ನಿಯಾ ಕನಿಷ್ಠ 170 ಗಂಟೆ ಕೇಳುತ್ತದೆ. ಮೇಲಿನ ಹಂತದ ಪ್ಯಾರಾಮೆಡಿಕ್ ಆಗಬೇಕಾದರೆ ಸಾವಿರ ಗಂಟೆ ದಾಟುತ್ತದೆ. ರಾಷ್ಟ್ರೀಯ ನೋಂದಣಿ ಸಂಸ್ಥೆಯಲ್ಲಿ ಹೆಸರು ಉಳಿಯಬೇಕೆಂದರೆ ಎರಡು ವರ್ಷಕ್ಕೊಮ್ಮೆ ನವೀಕರಣ ಬೇಕು, ಅದಕ್ಕೆ 40 ಗಂಟೆಗಳ ಮರುಕಲಿಕೆಯನ್ನು ತೋರಿಸಬೇಕು. 170 ಗಂಟೆ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಮೂರು ವಾರ. ಇಷ್ಟೇನಾ ಎನ್ನಿಸಬಹುದು. ಕಲಿಸುವುದು ರೋಗ ಪತ್ತೆ ಮಾಡುವ ವಿದ್ಯೆಯನ್ನಲ್ಲ, ಆಸ್ಪತ್ರೆ ಮುಟ್ಟುವವರೆಗೆ ಉಸಿರು ನಿಲ್ಲದಂತೆ ನೋಡಿಕೊಳ್ಳುವ ಕೈಗೆಲಸವನ್ನು.

ಒಂದು ಉದಾಹರಣೆ. ಪ್ರಜ್ಞೆ ತಪ್ಪಿದವರ ನಾಲಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಅದನ್ನು ತಡೆಯಲು ಬಾಯಿಗೆ ಇಡುವ ಬಾಗಿದ ಪ್ಲಾಸ್ಟಿಕ್ ಕೊಳವೆ ಹಲವು ಅಳತೆಗಳಲ್ಲಿ ಬರುತ್ತದೆ. ಅಳೆಯುವ ಬಗೆ ಸರಳ: ಬಾಯಿಯ ಮೂಲೆಯಿಂದ ಕಿವಿಯ ಹಾಲೆಯವರೆಗೆ ಹಿಡಿದು ನೋಡುವುದು. ಗಿಡ್ಡವಾದರೆ ಪ್ರಯೋಜನವಿಲ್ಲ, ಉದ್ದವಾದರೆ ಅದೇ ಉಸಿರಿಗೆ ಅಡ್ಡಿ. ವ್ಯಕ್ತಿಗೆ ಅರೆಪ್ರಜ್ಞೆ ಇದ್ದರೆ ಹಾಕಲೇಬಾರದು, ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದೀತು. ಹೃದಯ ನಿಂತವರಿಗೆ ಸಿಪಿಆರ್ ಕೊಡಲು ಎದೆ ಒತ್ತುವಾಗ ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳ. ಓದಿದರೆ ಐದು ನಿಮಿಷದ ಪಾಠ. ಸುತ್ತ ಮನೆಮಂದಿ ಅಳುತ್ತಿರುವಾಗ, ಕಿರಿದಾದ ಮೆಟ್ಟಿಲ ತಿರುವಿನಲ್ಲಿ ಅದನ್ನೇ ಮಾಡಬೇಕಾದರೆ ಬೊಂಬೆಯ ಮೇಲೆ ನೂರಾರು ಸಲ ಕೈ ಪಳಗಿರಬೇಕು.

ಇದಕ್ಕೆ ತರಬೇತಿ ಬೇಕು ಎಂಬುದು ಅಮೆರಿಕಕ್ಕೂ ತಡವಾಗಿಯೇ ಹೊಳೆಯಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ದೇಶದ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆ ನಡೆಸುತ್ತಿದ್ದವರು ಶವಸಂಸ್ಕಾರದ ವೃತ್ತಿಯವರು. ಮನುಷ್ಯನನ್ನು ಮಲಗಿಸಿ ಸಾಗಿಸುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಬಳಿ!

ಮರುವರ್ಷ ಪಿಟ್ಸ್‌ಬರ್ಗ್‌ನಲ್ಲಿ ಒಂದು ಪ್ರಯೋಗ ಶುರುವಾಯಿತು. ಸಿಪಿಆರ್‌ಗೆ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬರಾದ ಡಾ. ಪೀಟರ್ ಸಾಫರ್ ಆ ಊರಿನಲ್ಲಿದ್ದರು. 1966ರಲ್ಲಷ್ಟೇ ಆಸ್ತಮಾ ಅವರ ಪುಟ್ಟ ಮಗಳನ್ನು ಬಲಿ ತೆಗೆದುಕೊಂಡಿತ್ತು. ‘ಫ್ರೀಡಮ್ ಹೌಸ್’ ಎಂಬ ಸಂಸ್ಥೆಯ ಜೊತೆಗೂಡಿ ಅವರು ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಕರಿಯ ಯುವಕರನ್ನು ಆರಿಸಿಕೊಂಡರು. ಹೆಚ್ಚಿನವರಿಗೆ ಕೆಲಸವಿರಲಿಲ್ಲ, ಎಷ್ಟೋ ಜನ ಶಾಲೆ ಅರ್ಧಕ್ಕೆ ಬಿಟ್ಟವರು. ಅವರಿಗೆ ಕೊಟ್ಟದ್ದು ಸುಮಾರು 300 ಗಂಟೆಗಳ ತರಬೇತಿ. ಅಲ್ಲಿಯವರೆಗೆ ಪೊಲೀಸ್ ವ್ಯಾನಿನ ಹಿಂಭಾಗದಲ್ಲಿ ಆಸ್ಪತ್ರೆ ಸೇರುತ್ತಿದ್ದ ರೋಗಿಗಳಿಗೆ ದಾರಿಯಲ್ಲೇ ಚಿಕಿತ್ಸೆ ಸಿಗತೊಡಗಿತು. 1974ರಲ್ಲಿ ಅವರ ಮುಖ್ಯಸ್ಥೆಯಾಗಿ ಬಂದ ಡಾ. ನ್ಯಾನ್ಸಿ ಕ್ಯಾರೊಲಿನ್ ಮುಂದೆ ದೇಶದ ಪ್ಯಾರಾಮೆಡಿಕ್‌ಗಳಿಗೆಲ್ಲ ಪಠ್ಯ ಬರೆದರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ತೆರೆದು ಫ್ರೀಡಮ್ ಹೌಸನ್ನು ಮುಚ್ಚಿಸಿತು. ದಾರಿ ತೋರಿಸಿದ ಹುಡುಗರಲ್ಲಿ ಹಲವರು ಹೊಸ ವ್ಯವಸ್ಥೆಯಲ್ಲಿ ನೆಲೆ ಸಿಗದೆ ಹೊರಬಿದ್ದರು.

ನಮ್ಮಲ್ಲಿ ಮೊದಲು ಬಂದದ್ದು ಫೋನ್ ನಂಬರು, ವೃತ್ತಿ ಬಂದದ್ದು ಆಮೇಲೆ. 2005ರಲ್ಲಿ ಹೈದರಾಬಾದಿನಲ್ಲಿ ಶುರುವಾದ 108 ಸೇವೆ 2008ರ ರಾಜ್ಯೋತ್ಸವದಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಗಾಡಿಯಲ್ಲಿ ಇಬ್ಬರು: ಓಡಿಸುವವರು ‘ಪೈಲಟ್’, ಹಿಂದೆ ರೋಗಿಯ ಪಕ್ಕ ಕೂರುವವರು ಇಎಂಟಿ. ಕೈ ಕಟ್ಟಿಹೋದಾಗ ಫೋನಿನಲ್ಲಿ ಸಲಹೆ ಕೊಡಲು ಕಾಲ್ ಸೆಂಟರಿನಲ್ಲಿ ವೈದ್ಯರಿರುತ್ತಾರೆ. ಹೆರಿಗೆಯ ಕರೆಗಳು ಹೇರಳ, ದಾರಿ ಮಧ್ಯೆಯೇ ಮಗು ಹುಟ್ಟುವುದೂ ಉಂಟು.

ವಯಸ್ಸಿನ ಲೆಕ್ಕ ಇಲ್ಲಿ ಇನ್ನೊಂದು ಬಗೆಯದು. ನೆರೆಯ ತಮಿಳುನಾಡಿನ 108 ನೇಮಕಾತಿ ಪ್ರಕಟಣೆಗಳನ್ನು ನೋಡಿ. ಇಎಂಟಿಗೆ 19ರಿಂದ 30, ಚಾಲಕನಿಗೆ 24ರಿಂದ 35. ಸ್ಟಿಯರಿಂಗ್ ಹಿಡಿಯುವವನಿಗೆ ಐದು ವರ್ಷ ಹೆಚ್ಚಿನ ಪ್ರಾಯ ಬೇಕು! ರಸ್ತೆಯ ಅಪಾಯ ನಮಗೆ ಕಣ್ಣಿಗೆ ಕಾಣುತ್ತದೆ, ಗಾಡಿಯ ಒಳಗಿನದು ಕಾಣುವುದಿಲ್ಲ ಎಂದು ತೋರುತ್ತದೆ. ಇಎಂಟಿಗಳು ನರ್ಸಿಂಗ್, ಲ್ಯಾಬ್ ಡಿಪ್ಲೊಮಾ ಅಥವಾ ಜೀವವಿಜ್ಞಾನದ ಪದವಿ ಮುಗಿಸಿ ಬಂದವರು. ಅದರ ಮೇಲೆ ಸುಮಾರು 50 ದಿನಗಳ ತರಬೇತಿ. ನರ್ಸಿಂಗ್ ಓದಿದವರಿಗೆ ಇದು ಸಾಲಬಹುದು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಲು ಕಲಿತವರಿಗೂ ಅಷ್ಟೇ ದಿನ ಸಾಕೆಂಬುದು ನನಗಂತೂ ಒಪ್ಪಿಗೆಯಾಗದು.

ಗಾಡಿಗೆ ನಿಯಮವಿದೆ. ಎಐಎಸ್ 125 ಎಂಬ ಮಾನದಂಡ ಆಂಬುಲೆನ್ಸ್‌ಗಳನ್ನು ಬೈಕಿನಿಂದ ಹಿಡಿದು ವೆಂಟಿಲೇಟರ್ ಇರುವ ವಾಹನದವರೆಗೆ ನಾಲ್ಕು ವರ್ಗ ಮಾಡಿದೆ. ಒಳಗೆ ಕೂರುವ ಮನುಷ್ಯನಿಗೆ ರಾಷ್ಟ್ರಮಟ್ಟದ ಕಾನೂನಿನ ಚೌಕಟ್ಟು ಸಿಕ್ಕಿದ್ದು 2021ರಲ್ಲಿ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಾಗ. ಪ್ಯಾರಾಮೆಡಿಕ್‌ಗಳನ್ನು ಅದು ಹೆಸರಿಸಿ ಸೇರಿಸಿಕೊಂಡಿದೆ. ಅದರಂತೆ ಅಲೈಡ್ ಹೆಲ್ತ್ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಕಲಿಕೆ ಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿಕೊಂಡು. ಎಲ್ಲಿಯ 50 ದಿನ, ಎಲ್ಲಿಯ 2,000 ಗಂಟೆ! ಡೇರಿಯನ್ನಿನ 16ರ ಹುಡುಗಿ ನನ್ನ ಮನೆಗೆ ಬಂದರೆ ನನಗೆ ಭಯವಿಲ್ಲ, ಅವಳ ಹೆಸರು ಒಂದು ಪಟ್ಟಿಯಲ್ಲಿದೆ, ತಪ್ಪಿದರೆ ಆ ಹೆಸರು ಹೊಡೆದುಹೋಗುತ್ತದೆ. ಭಯವಾಗುವುದು ಕೆಂಪು ದೀಪ ಹಚ್ಚಿಕೊಂಡು ಬರುವ ಖಾಸಗಿ ವ್ಯಾನಿನಲ್ಲಿ ಚಾಲಕನ ಹೊರತು ಯಾರೂ ಇಲ್ಲದಿರುವುದನ್ನು ಕಂಡಾಗ.

ಪಿಯುಸಿಯಲ್ಲಿ ಜೀವವಿಜ್ಞಾನ ಓದುತ್ತಿರುವವರಿಗೆ ಕರ್ನಾಟಕದಲ್ಲಿ ಒಂದು ದಾರಿಯಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ತುರ್ತು ಮತ್ತು ಟ್ರಾಮಾ ಆರೈಕೆಯ ಬಿಎಸ್ಸಿ ಓದಬಹುದು, ಕೊನೆಗೆ ಇಂಟರ್ನ್‌ಶಿಪ್ ಇರುತ್ತದೆ. ‘ಆರು ತಿಂಗಳಲ್ಲಿ ಇಎಂಟಿ, ಕೆಲಸ ಗ್ಯಾರಂಟಿ’ ಎನ್ನುವ ಫ್ಲೆಕ್ಸ್‌ಗಳು ಬಸ್ ನಿಲ್ದಾಣದ ಗೋಡೆಯಲ್ಲಿ ಕಂಡಾವು. ಶುಲ್ಕ ಕಟ್ಟುವ ಮುಂಚೆ ಅಲ್ಲಿ ಎರಡು ಮಾತು ಕೇಳಿ: ಓಡುವ ಆಂಬುಲೆನ್ಸ್‌ನಲ್ಲಿ ಎಷ್ಟು ಗಂಟೆ ಕಳಿಸುತ್ತೀರಿ, ಪ್ರಮಾಣಪತ್ರಕ್ಕೆ ಮಾನ್ಯತೆ ಕೊಟ್ಟವರು ಯಾರು? ಮೊದಲನೆಯದಕ್ಕೆ ಬೊಂಬೆಯ ಕೊಠಡಿ ತೋರಿಸಿದರೆ ಎರಡನೆಯದನ್ನು ಕೇಳುವ ಅಗತ್ಯವಿಲ್ಲ, ಬಂದ ಬಸ್ಸಿಗೇ ವಾಪಸಾಗಬಹುದು.