ನಾಲ್ಕನೆಯ ಕೈಗಾರಿಕಾ ಯುಗ: ಸಣ್ಣ ಉದ್ದಿಮೆಗಳ ಅವಕಾಶ ಮತ್ತು ಸವಾಲು

ಹಬೆಯಂತ್ರ, ವಿದ್ಯುಚ್ಛಕ್ತಿ ಹಾಗೂ ಗಣಕಯಂತ್ರಗಳು ಕೈಗಾರಿಕಾ ಇತಿಹಾಸದ ಮೊದಲ ಮೂರು ಘಟ್ಟಗಳನ್ನು ರೂಪಿಸಿದವು. ನಾಲ್ಕನೆಯ ಘಟ್ಟಕ್ಕೆ ‘ಇಂಡಸ್ಟ್ರಿ 4.0’ ಎಂಬ ಹೆಸರು 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಬಳಕೆಗೆ ಬಂದಿತು. ಯಂತ್ರಗಳಿಗೆ ಸೆನ್ಸರ್‌ಗಳನ್ನು ಜೋಡಿಸಿ, ಅವು ನೀಡುವ ಮಾಹಿತಿಯ ಆಧಾರದ ಮೇಲೆ ಉತ್ಪಾದನೆಯನ್ನು ನಿಯಂತ್ರಿಸುವುದು ಇದರ ತಿರುಳು. ಪೀಣ್ಯದಂತಹ ಪ್ರದೇಶಗಳ ಸಣ್ಣ ಘಟಕಗಳಿಗೆ ಇದರಿಂದಾಗುವ ಪ್ರಯೋಜನವೇನು ಎಂಬುದು ಪರಿಶೀಲನಾರ್ಹ.

ಇತಿಹಾಸದ ಪಾಠ

1953ರಲ್ಲಿ ಸ್ಥಾಪಿತವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಕ್ವಾರ್ಟ್ಜ್ ತಂತ್ರ ಆ ಸಂಸ್ಥೆಗೆ ತಿಳಿಯದಿರಲಿಲ್ಲ. ಆದರೂ ಯಾಂತ್ರಿಕ ಗಡಿಯಾರಗಳ ಮೇಲಿನ ಅದರ ಅವಲಂಬನೆ ಬೇಗ ತಗ್ಗಲಿಲ್ಲ. 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ತಂತ್ರಜ್ಞಾನವನ್ನು ಅರಿತಿರುವುದು ಬೇರೆ, ಸಕಾಲದಲ್ಲಿ ಅದಕ್ಕೆ ಹೊರಳುವುದು ಬೇರೆ ಎಂಬುದು ಇದರ ಪಾಠ.

ಅವಕಾಶಗಳು

ಹೊಸ ಯುಗಕ್ಕೆ ಕಾಲಿಡಲು ಹಳೆಯ ಸಿಎನ್‌ಸಿ ಲೇತನ್ನು ಮಾರಬೇಕಾಗಿಲ್ಲ. ವಿದ್ಯುತ್ ಪ್ರವಾಹವನ್ನು ಅಳೆಯುವ ಸಣ್ಣ ಸಾಧನವೊಂದು, ಯಂತ್ರ ಎಷ್ಟು ಹೊತ್ತು ಲೋಹ ಕತ್ತರಿಸಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನು ತೋರಿಸಬಲ್ಲದು. ಬೇರಿಂಗ್ ಕಂಪನದಲ್ಲಿನ ಏರುಪೇರು ಮುಂಬರುವ ದುರಸ್ತಿಯ ಮುನ್ಸೂಚನೆ ನೀಡುತ್ತದೆ. ಉದಾಹರಣೆಗೆ, 8 ಗಂಟೆಯ ಪಾಳಿಯಲ್ಲಿ ಸೆಟ್ಟಿಂಗ್‌ಗೂ ಕಚ್ಚಾ ಮಾಲಿನ ನಿರೀಕ್ಷೆಗೂ 90 ನಿಮಿಷ ವ್ಯಯವಾಗುತ್ತಿದ್ದು, ಅದನ್ನು ಅರ್ಧಕ್ಕೆ ಇಳಿಸಿದರೆ, 25 ಕೆಲಸದ ದಿನಗಳಲ್ಲಿ ಒಂದೇ ಯಂತ್ರದಿಂದ ಸುಮಾರು 19 ಗಂಟೆ, ಅಂದರೆ ಎರಡು ಪಾಳಿಗೂ ಮಿಗಿಲಾದ ಸಮಯ ಉಳಿಯುತ್ತದೆ. ವಿಮಾನ ಹಾಗೂ ವಾಹನ ತಯಾರಕರು ಬಿಡಿಭಾಗಗಳ ಜತೆಗೆ ಅವುಗಳ ತಯಾರಿಕೆಯ ದಾಖಲೆಯನ್ನೂ ಅಪೇಕ್ಷಿಸುತ್ತಾರೆ. ಇಂತಹ ದಾಖಲೆ ಒದಗಿಸಲಾಗದ ಘಟಕ ಆರ್ಡರ್‌ಗಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಸವಾಲುಗಳು

ಬಂಡವಾಳದ ಕೊರತೆ ಮೊದಲನೆಯದು. 2006ರ ಎಂಎಸ್‌ಎಂಇ ಕಾಯಿದೆ ಪಾವತಿಗೆ 45 ದಿನಗಳ ಗರಿಷ್ಠ ಮಿತಿ ವಿಧಿಸಿದ್ದರೂ ಬಾಕಿ ವಸೂಲಿ ಸಣ್ಣ ಉದ್ಯಮಿಯ ನಿತ್ಯದ ಚಿಂತೆಯಾಗಿಯೇ ಉಳಿದಿದೆ. ಎರಡನೆಯದಾಗಿ, ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿದೊಡನೆ ದುಷ್ಕರ್ಮಿಗಳಿಗೂ ಬಾಗಿಲು ತೆರೆಯುವ ಸಂಭವವಿದೆ. ಆದುದರಿಂದ ಸುರಕ್ಷತೆಯ ವೆಚ್ಚವನ್ನೂ ಮೊದಲೇ ಲೆಕ್ಕಹಾಕಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದುದು ಕಾರ್ಮಿಕರ ಪ್ರಶ್ನೆ. ಮಾಹಿತಿ ಸಂಗ್ರಹವು ತಮ್ಮ ಮೇಲಿನ ಕಾವಲು ಎಂದು ಅವರು ಭಾವಿಸಿದರೆ, ಯಂತ್ರ ನಿಂತುದಕ್ಕೆ ನಿಜವಾದ ಕಾರಣ ದಾಖಲಾಗುವುದೇ ಇಲ್ಲ. ಯಂತ್ರದ ಸದ್ದಿನಿಂದಲೇ ದೋಷ ಗುರುತಿಸುವ ಅನುಭವಿಗಳನ್ನು ಹೊರಗಿಟ್ಟು ಮಾಡುವ ಆಧುನೀಕರಣ ಫಲ ಕೊಡಲಾರದು.

ಮುಂದಿನ ದಾರಿ

1962ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸಿಎಂಟಿಐ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ, ಕೇಂದ್ರದ ‘ಸಮರ್ಥ್ ಉದ್ಯೋಗ್’ ಕಾರ್ಯಕ್ರಮದಡಿ ಈ ತಂತ್ರಜ್ಞಾನದ ಕೇಂದ್ರಗಳು ರೂಪುಗೊಂಡಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಲೋಕಾರ್ಪಣೆ ಮಾಡಲಾಯಿತು. ಉದ್ಯಮಿಗಳು ಇಂತಹ ಸೌಲಭ್ಯಗಳನ್ನು ಬಳಸಿಕೊಂಡು, ಒಂದು ಯಂತ್ರ, ಒಂದು ಸಮಸ್ಯೆಯಿಂದ ಆರಂಭಿಸುವುದು ಶ್ರೇಯಸ್ಕರ. ಅದರಿಂದ ಉಳಿದ ಹಣವೇ ಮುಂದಿನ ಹೆಜ್ಜೆಗೆ ಬಂಡವಾಳವಾಗಬಲ್ಲದು.