ಟೆಸ್ಟೋಸ್ಟೆರೋನ್ ಡೋಸ್ ಇಳಿಸಿದಾಗ ಎದೆಗುಂದುವುದು ಬೇಡ

ಕರಾವಳಿಯಿಂದ ಉದ್ಯೋಗಕ್ಕಾಗಿ ಮೈಸೂರಿಗೆ ಹೋಗಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಮುಕ್ತವಾಗಿ ಮಾತಾಡುವ ನಾವು, ಪುರುಷ ಹಾರ್ಮೋನಿನ ಕೊರತೆಯ ಮಾತು ಬಂದರೆ ನಾಚಿ ಸುಮ್ಮನಾಗುತ್ತೇವೆ. ವೈದ್ಯರು ಡೋಸ್ ಇಳಿಸಿದಾಗ ಈ ಮೌನ ಅಪಾಯಕಾರಿಯಾಗಬಹುದು.

ಡೋಸ್ ಇಳಿಸುವುದೇಕೆ? ಟೆಸ್ಟೋಸ್ಟೆರೋನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಅವುಗಳ ಪಾಲನ್ನು ತೋರಿಸುವ ಹೆಮಟೋಕ್ರಿಟ್ ಶೇ. 54 ದಾಟಿದರೆ ರಕ್ತ ಮಂದವಾಗುತ್ತದೆ. ಆಗ ವೈದ್ಯರು ಚಿಕಿತ್ಸೆ ನಿಲ್ಲಿಸಿ, ರಕ್ತ ಸರಿಹೋದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ಆರಂಭಿಸುತ್ತಾರೆ. 5 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯಾಘಾತ ಹೆಚ್ಚಾಗಿ ಕಾಣಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಿತ್ತು. ಆದ್ದರಿಂದ ಮಟ್ಟವನ್ನು ಸಾಮಾನ್ಯ ಮಿತಿಯ ನಡುಭಾಗದಲ್ಲಿ ಇರಿಸುವುದೇ ಗುರಿ.

ಹೆಚ್ಚಿನ ಮಟ್ಟಕ್ಕೆ ಒಗ್ಗಿದ ದೇಹಕ್ಕೆ ಮೊದಲ ಕೆಲವು ವಾರ ಸುಸ್ತು, ಬೇಸರ, ಸಿಡುಕು, ಆಸಕ್ತಿ ಕುಂದುವುದು ಕಾಣಿಸಬಹುದು. ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ಪಡೆಯುವವರಲ್ಲಿ ಹಾರ್ಮೋನು ಮೊದಲ ದಿನಗಳಲ್ಲಿ ಏರಿ, ಎರಡನೇ ವಾರ ಇಳಿಯುತ್ತದೆ. ಸುಸ್ತು ಯಾವ ದಿನ ಬರುತ್ತದೆ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಅವರು ಅದನ್ನೇ ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡಬಹುದು.

ಉಳಿದ ಇಂಜೆಕ್ಷನ್ ತಾವೇ ಚುಚ್ಚಿಸಿಕೊಳ್ಳುವುದು, ಜಿಮ್‌ನಲ್ಲಿ ಸಿಗುವ ಮಾತ್ರೆ ನುಂಗುವುದು ಖಂಡಿತ ಬೇಡ. ಹೇಳದೆ ಕೇಳದೆ ಚಿಕಿತ್ಸೆ ನಿಲ್ಲಿಸುವುದೂ ಸರಿಯಲ್ಲ. ದೇಹದ ಸ್ವಂತ ಉತ್ಪಾದನೆ ಕುಗ್ಗಿರುವುದರಿಂದ ಅದು ಚೇತರಿಸಲು ತಿಂಗಳುಗಳೇ ಬೇಕಾಗಬಹುದು. ಈ ಚಿಕಿತ್ಸೆ ವೀರ್ಯಾಣುಗಳನ್ನೂ ಕಡಿಮೆ ಮಾಡುತ್ತದೆ. ಮಗುವನ್ನು ಬಯಸುವ ದಂಪತಿಗಳು ಇದನ್ನು ಮೊದಲೇ ತಿಳಿಸಬೇಕು. ಎದೆನೋವು, ಏದುಸಿರು, ಒಂದೇ ಕಾಲಿನ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಮೈಸೂರಿನಲ್ಲಿ ಸರಕಾರಿ ಕೆ.ಆರ್. ಆಸ್ಪತ್ರೆಯೂ ಜೆಎಸ್‌ಎಸ್ ಆಸ್ಪತ್ರೆಯೂ ಇವೆ. ಪರಿಚಯದ ವೈದ್ಯರಿಂದ ಚೀಟಿ ಪಡೆದು ಹಾರ್ಮೋನು ತಜ್ಞರನ್ನು ಕಾಣಬಹುದು. ಡೋಸ್ ಬದಲಾದ ಮೇಲೆ ವೈದ್ಯರು ಹೇಳಿದ ದಿನವೇ ರಕ್ತಪರೀಕ್ಷೆ ಮಾಡಿಸೋಣ.

ಮನೆಯಲ್ಲಿ ಗಂಡ ಮಂಕಾಗಿ ಕೂತರೆ ಪ್ರೀತಿ ಬತ್ತಿತೆಂದು ಹೆಂಡತಿ ನೊಂದುಕೊಳ್ಳಬಹುದು. ಆದ್ದರಿಂದ ಆಕೆಗೆ ವಿಷಯ ತಿಳಿದಿರಲಿ. ಸಾಧ್ಯವಾದರೆ ತಪಾಸಣೆಗೆ ಇಬ್ಬರೂ ಹೋಗಲಿ. ವಾಳೆಯ ಗುರಿಕಾರರೂ ಕುಟುಂಬ ಆಯೋಗದ ಕಾರ್ಯಕರ್ತರೂ ಇಂಥವರ ಮಾತನ್ನು ಗುಟ್ಟಾಗಿಟ್ಟು, ಧೈರ್ಯ ಹೇಳಬೇಕು. ವೈದ್ಯರನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ನಮಗೆ ಕಲಿಸುತ್ತದೆ. ಡೋಸ್ ಇಳಿದ ಮಾತ್ರಕ್ಕೆ ಗಂಡಸುತನ ಇಳಿಯುವುದಿಲ್ಲ.