ಟೋಕಿಯೋ ನಗರದಲ್ಲಿ ಒಂದು ದಿನ

ಜಪಾನ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬಾಣದಂತೆ ಓಡುವ ರೈಲು, ಮುಗಿಲೆತ್ತರದ ಕಟ್ಟಡ, ಕೈಗಡಿಯಾರ ಮತ್ತು ಕ್ಯಾಮೆರಾಗಳು. ಕಳೆದ ನವೆಂಬರ್ ತಿಂಗಳಲ್ಲಿ, ಮಗನ ಉದ್ಯೋಗದ ನಿಮಿತ್ತವಾಗಿ, ಟೋಕಿಯೋ ನಗರವನ್ನು ನೋಡುವ ಯೋಗ ನಮ್ಮ ದಂಪತಿಗಳಿಗೆ ಒದಗಿದಾಗ ನಾನೂ ಇವುಗಳನ್ನೇ ಕಾಣುವ ಆಸೆಯಿಂದ ಹೊರಟಿದ್ದೆ. ಮಗನಿಗೆ ರಜೆ ದೊರೆಯಲಿಲ್ಲ. ಆದ್ದರಿಂದ ಅವನು ಒಂದು ದಿನದ ಮಟ್ಟಿಗೆ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡಿದ. ಅವರು ಸುಮಾರು ಅರವತ್ತೈದು ವಯಸ್ಸಿನ, ನಿವೃತ್ತ ಶಾಲಾ ಶಿಕ್ಷಕಿ. ಹೇಳಿದ ವೇಳೆಗಿಂತ ಐದು ನಿಮಿಷ ಮೊದಲೇ ಬಂದು, ನಡುಬಾಗಿಸಿ ವಂದಿಸಿದರು. ಅವರ ನಿಧಾನವಾದ ಇಂಗ್ಲಿಷನ್ನು ನಾನು ನನ್ನ ಶ್ರೀಮತಿಗೆ ಕನ್ನಡದಲ್ಲಿ ಹೇಳುತ್ತ ನಡೆದೆ.

ಕೋಟೆ ಮತ್ತು ಅರಮನೆ

ಮೊದಲು ನೋಡಿದ್ದು ಚಕ್ರವರ್ತಿಗಳ ಅರಮನೆಯ ಹೊರ ಆವರಣ. ಈ ನಗರದ ಹಿಂದಿನ ಹೆಸರು ಎದೋ. 1603ರಿಂದ ತೊಕುಗಾವಾ ವಂಶದ ಶೋಗುನ್‌ಗಳು ಇಲ್ಲಿಯ ಕೋಟೆಯಿಂದಲೇ ದೇಶವನ್ನು ಆಳಿದರು. 1868ರಲ್ಲಿ ಅಧಿಕಾರವು ಮರಳಿ ಚಕ್ರವರ್ತಿಗೆ ಬಂದಾಗ ಎದೋ ಹೋಗಿ ಟೋಕಿಯೋ, ಅಂದರೆ ‘ಪೂರ್ವದ ರಾಜಧಾನಿ’ ಆಯಿತು. ಕೋಟೆಯ ಕಂದಕಗಳಲ್ಲಿ ಇಂದಿಗೂ ನೀರು ತುಂಬಿದೆ, ಹಂಸಗಳು ತೇಲುತ್ತಿವೆ.

ಜನರು ನೆಟ್ಟ ಅರಣ್ಯ

ಅಲ್ಲಿಂದ ಮೇಜಿ ದೇವಾಲಯಕ್ಕೆ ಹೋದೆವು. ಮರದ ಮಹಾದ್ವಾರವನ್ನು ದಾಟಿದ ಕೂಡಲೇ ನಗರದ ಸದ್ದೆಲ್ಲ ಅಡಗಿ, ದಟ್ಟವಾದ ಕಾಡು ಆರಂಭವಾಯಿತು. ‘ಇದು ತಾನಾಗಿ ಬೆಳೆದ ಕಾಡಲ್ಲ’ ಎಂದರು ನಮ್ಮ ಮಾರ್ಗದರ್ಶಕಿ. 1912ರಲ್ಲಿ ಮೇಜಿ ಚಕ್ರವರ್ತಿ ತೀರಿಕೊಂಡ ಬಳಿಕ ಅವರ ಸ್ಮರಣೆಗಾಗಿ ಈ ದೇವಾಲಯವನ್ನು ಕಟ್ಟಲು ನಿಶ್ಚಯಿಸಿದಾಗ ದೇಶದ ಮೂಲೆಮೂಲೆಗಳಿಂದ ಜನರು ಸುಮಾರು ಒಂದು ಲಕ್ಷ ಮರಗಳನ್ನು ಕಳುಹಿಸಿಕೊಟ್ಟರಂತೆ. ಯುವಕ ಸಂಘಗಳು ಬಂದು ಸ್ವಯಂಸೇವೆಯಿಂದ ನೆಟ್ಟವು. 1920ರಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ನೂರೈವತ್ತು ವರ್ಷಗಳ ನಂತರ ಈ ಕಾಡು ಹೇಗಿರಬೇಕೆಂದು ಅಂದೇ ಯೋಚಿಸಿ ಗಿಡಗಳನ್ನು ಆರಿಸಿದ್ದರು. ದಾರಿಯಲ್ಲಿ ಒಬ್ಬ ಸೇವಕರು ಉದ್ದನೆಯ ಪೊರಕೆಯಿಂದ ಎಲೆಗಳನ್ನು ಗುಡಿಸುತ್ತಿದ್ದರು. ಆ ಎಲೆಗಳನ್ನು ಸುಡುವುದಿಲ್ಲ, ಎಸೆಯುವುದಿಲ್ಲ. ಅದೇ ಕಾಡಿನ ಮಣ್ಣಿಗೆ ಮರಳಿಸುತ್ತಾರೆ. ತಾನು ಕಾಣಲಾರದ ನೆರಳಿಗಾಗಿ ಗಿಡ ನೆಟ್ಟ ಆ ಜನರನ್ನು ನೆನೆದು ಮನಸ್ಸು ತುಂಬಿಬಂದಿತು.

ಊಟದ ಪ್ರಶ್ನೆ

ಮಧ್ಯಾಹ್ನವಾದಂತೆ ಶ್ರೀಮತಿಯವರ ಚಿಂತೆ ಹೆಚ್ಚಿತು. ಜಪಾನಿನಲ್ಲಿ ನೋಟಕ್ಕೆ ಬರೀ ತರಕಾರಿಯೆನಿಸುವ ಸಾರಿನಲ್ಲಿಯೂ ಒಣಮೀನಿನ ರಸ ಬೆರೆತಿರುವುದು ಸಾಮಾನ್ಯ. ಶಾಕಾಹಾರಿಗಳು ಇದನ್ನು ಮರೆಯಬಾರದು. ನಮ್ಮ ಮಾರ್ಗದರ್ಶಕಿ ಮೊದಲೇ ವಿಚಾರಿಸಿ, ಬೌದ್ಧ ಭಿಕ್ಷುಗಳ ಪದ್ಧತಿಯ ಊಟ ದೊರೆಯುವಲ್ಲಿಗೆ ಕರೆದೊಯ್ದರು. ಅನ್ನ, ಸೋಯಾ ಗಿಣ್ಣು, ಬೇಯಿಸಿದ ಗಡ್ಡೆಗೆಣಸು, ಕಡಲಪಾಚಿಯ ಸಾರು. ಶ್ರೀಮತಿ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದರು. ಮಾರ್ಗದರ್ಶಕಿಯೂ ಒಂದಿಷ್ಟು ಹಾಕಿಸಿಕೊಂಡು, ಕಣ್ಣಲ್ಲಿ ನೀರು ಬಂದರೂ ನಗುತ್ತಲೇ ತಿಂದರು. ‘ಮೀನು, ಮಾಂಸ, ಮೊಟ್ಟೆ, ಮೀನಿನ ರಸ ಬೇಡ’ ಎಂದು ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆದುಕೊಟ್ಟರು. ಮುಂದಿನ ದಿನಗಳಲ್ಲಿ ಆ ಚೀಟಿಯೇ ನಮಗೆ ಅನ್ನದಾತನಾಯಿತು.

ಅಸಾಕುಸಾದ ದೇವರುಗಳು

ಊಟದ ನಂತರ ಗಿಂಜಾ ಮಾರ್ಗದ ಸುರಂಗ ರೈಲಿನಲ್ಲಿ ಅಸಾಕುಸಾ ಎಂಬಲ್ಲಿಗೆ ಬಂದೆವು. 1927ರಲ್ಲಿ ಆರಂಭವಾದ ಈ ಮಾರ್ಗದ ಮೊದಲ ಭಾಗ ಏಷ್ಯಾದಲ್ಲಿಯೇ ಮೊದಲನೆಯ ಸುರಂಗ ರೈಲು. ಅಸಾಕುಸಾದಲ್ಲಿರುವುದು ಸೆನ್ಸೋಜಿ ಮಂದಿರ. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಬೆಸ್ತ ಸಹೋದರರಿಗೆ ಕನ್ನೋನ್ ವಿಗ್ರಹ ದೊರೆಯಿತೆಂದು ಸ್ಥಳಪುರಾಣ. ಕನ್ನೋನ್ ಎಂದರೆ ನಮ್ಮ ದೇಶದಿಂದ ಚೀನಾ, ಕೊರಿಯಾಗಳ ದಾರಿಯಾಗಿ ಅಲ್ಲಿಗೆ ಹೋದ ಅವಲೋಕಿತೇಶ್ವರ. ಇಲ್ಲಿ ಪೂಜೆಗೊಳ್ಳುವ ದೈಕೊಕುತೆನ್ ಎಂಬ ಸಂಪತ್ತಿನ ದೇವರ ಮೂಲ ಮಹಾಕಾಲ, ಅಂದರೆ ಶಿವನ ರೂಪ! ಅಲ್ಲಿಂದ ತುಸುದೂರದ ಮತ್ಸುಚಿಯಾಮಾ ಗುಡಿಯಲ್ಲಿ ಗಣಪತಿಯೇ ಕಾಂಗಿತೆನ್ ಎಂಬ ಹೆಸರಿನಿಂದ ನೆಲೆಸಿದ್ದಾನೆ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ನೈವೇದ್ಯಕ್ಕೆ ಮಾತ್ರ ಕಡುಬಲ್ಲ, ಬಿಳಿಯ ಮೂಲಂಗಿ!

ಸೆನ್ಸೋಜಿಯ ಪ್ರಧಾನ ಮಂದಿರವನ್ನು ಹೊಗಳಿದಾಗ ಮಾರ್ಗದರ್ಶಕಿ ತುಸು ಸುಮ್ಮನಿದ್ದು, ‘ಇದನ್ನು 1958ರಲ್ಲಿ ಮತ್ತೆ ಕಟ್ಟಿದ್ದು. ಹಳೆಯದು 1945ರ ಮಾರ್ಚ್ 10ರ ರಾತ್ರಿ ಸುಟ್ಟುಹೋಯಿತು’ ಎಂದರು. ಬೆಳಿಗ್ಗೆ ನೋಡಿದ ಮೇಜಿ ದೇವಾಲಯದ ಕಟ್ಟಡಗಳೂ ಅದೇ ವರ್ಷ ಬೆಂಕಿಗೆ ಆಹುತಿಯಾಗಿ, 1958ರಲ್ಲಿಯೇ ಪುನಃ ಎದ್ದವಂತೆ.

ಹೆಸರಿಲ್ಲದವರ ಸಮಾಧಿ

ಸಂಜೆಯಾಗುತ್ತಿತ್ತು. 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರವನ್ನು ಏರುವುದು ನನ್ನ ಬಹುದಿನದ ಆಸೆ. ಮಾರ್ಗದರ್ಶಕಿ ಸಂಕೋಚದಿಂದ, ‘ಗೋಪುರಕ್ಕೆ ಹೋಗಬಹುದು. ಇಲ್ಲವೇ ಸಾಮಾನ್ಯವಾಗಿ ಪ್ರವಾಸಿಗರು ಹೋಗದ ಒಂದು ಸ್ಥಳವಿದೆ. ಎರಡಕ್ಕೂ ವೇಳೆಯಿಲ್ಲ’ ಎಂದರು. ನಾನು ಗೋಪುರವೆನ್ನುವಷ್ಟರಲ್ಲಿ ಶ್ರೀಮತಿ, ‘ಗೋಪುರ ಎಲ್ಲಿಂದಾದ್ರೂ ಕಾಣತದರೀ. ಅವರು ಹೇಳೂ ಜಾಗಕ್ಕ ಹೋಗೂಣು’ ಎಂದರು. ಒಲ್ಲದ ಮನಸ್ಸಿನಿಂದಲೇ ಹೊರಟೆ.

ಅದು ಯೊಕೊಅಮಿಚೋ ಉದ್ಯಾನ. 1923ರ ಸೆಪ್ಟೆಂಬರ್ 1ರಂದು, ಮನೆಮನೆಗಳಲ್ಲಿ ಮಧ್ಯಾಹ್ನದ ಅಡುಗೆಯ ಒಲೆ ಉರಿಯುತ್ತಿದ್ದ ಹೊತ್ತಿಗೆ, ಭೂಮಿ ನಡುಗಿತು. ಕಟ್ಟಿಗೆಯ ಮನೆಗಳಿಗೆ ಬೆಂಕಿ ಹತ್ತಿತು. ಈ ಬಯಲಿಗೆ ಓಡಿಬಂದವರಲ್ಲಿ ಸುಮಾರು 38,000 ಜನ ಬೆಂಕಿಯ ಸುಂಟರಗಾಳಿಗೆ ಸಿಲುಕಿ ಮಡಿದರು. ಅವರಿಗಾಗಿ 1930ರಲ್ಲಿ ಇಲ್ಲಿ ಸ್ಮಾರಕ ಮಂದಿರವನ್ನು ಕಟ್ಟಲಾಯಿತು. ಹದಿನೈದು ವರ್ಷಗಳು ಕಳೆಯುವುದರೊಳಗೆ ಅಮೆರಿಕದ ವಿಮಾನಗಳು ಬೆಂಕಿಬಾಂಬುಗಳನ್ನು ಸುರಿಸಿ ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನರ ಪ್ರಾಣ ತೆಗೆದವು. ಆ ಅಸ್ಥಿಗಳಿಗೂ ಇದೇ ಮಂದಿರದ ಗೋಪುರ ಆಶ್ರಯವಾಯಿತು.

ಮಾರ್ಗದರ್ಶಕಿ ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಹೇಳಿದರು: ಅಂದು ಅವರ ತಾಯಿಗೆ ಹನ್ನೆರಡು ವರ್ಷ. ಅಕ್ಕನ ಕೈ ಹಿಡಿದು ಓಡುವಾಗ ಜನಸಂದಣಿಯಲ್ಲಿ ಕೈ ತಪ್ಪಿತು. ಅಕ್ಕ ಮತ್ತೆ ಸಿಗಲಿಲ್ಲ. ‘ದೊಡ್ಡಮ್ಮ ಇಲ್ಲಿರಬಹುದು, ಇಲ್ಲದಿರಬಹುದು. ಆದರೂ ಅಮ್ಮ ಬದುಕಿರುವತನಕ ಪ್ರತಿ ಮಾರ್ಚ್ 10ರಂದು ಬರುತ್ತಿದ್ದಳು. ಈಗ ನಾನು ಬರುತ್ತೇನೆ.’

ಇದನ್ನು ಕನ್ನಡದಲ್ಲಿ ಹೇಳಲು ಹೋಗಿ ನನ್ನ ಗಂಟಲು ಕಟ್ಟಿತು. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಶ್ರೀಮತಿ ಮುಂದೆ ಹೋಗಿ ಆಕೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಬೀಳ್ಕೊಡುವಾಗ ಗೊತ್ತಾದ ಹಣಕ್ಕಿಂತ ಹೆಚ್ಚಿಗೆ ಕೊಡಹೋದರೆ ಸ್ವೀಕರಿಸಲಿಲ್ಲ. ಆ ದೇಶದಲ್ಲಿ ಅದು ವಾಡಿಕೆಯಲ್ಲ. ಊರಿನಿಂದ ತಂದ ಶೇಂಗಾ ಹೋಳಿಗೆಯ ಪೊಟ್ಟಣವನ್ನು ಮಾತ್ರ ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಮರಳುವಾಗ ಸುಮಿದಾ ನದಿಯ ದಡದಿಂದ ಸ್ಕೈಟ್ರೀ ದೀಪಗಳಿಂದ ಬೆಳಗುವುದು ಕಂಡಿತು. ಅದನ್ನು ಏರಿದ್ದರೆ ನಗರವೆಲ್ಲ ಕಾಲಡಿಯಲ್ಲಿ ಹರಡಿದಂತೆ ಕಾಣುತ್ತಿತ್ತೇನೋ. ಆದರೆ ಎರಡು ಬಾರಿ ಬೂದಿಯಾದ ಆ ನಗರವನ್ನು ಮತ್ತೆ ಎತ್ತಿ ನಿಲ್ಲಿಸಿದವರು ಯಾರೆಂಬುದು ಅಷ್ಟು ಎತ್ತರದಿಂದ ಕಾಣುತ್ತಿರಲಿಲ್ಲ. ಪ್ರವಾಸಕ್ಕೆ ಹೋಗುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೇ: ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಒಂದು ಸಾಲನ್ನು ಖಾಲಿ ಬಿಡಿರಿ. ಅದನ್ನು ಆ ಊರಿನವರೇ ತುಂಬಲಿ.